ಸೂಜಿಗೆ ದಾರ ಏರುತ್ತಿಲ್ಲ, ಡಾಕ್ಟ್ರೇ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಣ್ಣಿನವೇ, ಅದರಲ್ಲೂ ನಲವತ್ತು ದಾಟಿದವರವು. ಮಂಡಿನೋವು, ಗ್ಯಾಸ್ಟ್ರಿಕ್ ಎಂದು ಬರೆದವರು ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಾಳಬೇಕು.

ಪ್ರಶ್ನೆ: ನನಗೆ 43 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ಒಂದು ವರ್ಷದಿಂದ ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕಾಗಿದೆ. ಹಗಲು ಜಗುಲಿಯ ಮೇಲೆ ಕೂತರೆ ಹೇಗೋ ಕಾಣುತ್ತದೆ, ಸಂಜೆ ಒಳಗೆ ಲೈಟಿನಲ್ಲಿ ಕಾಜ ಹೊಲಿಯಲು ಆಗುವುದೇ ಇಲ್ಲ, ತಲೆ ಸಿಡಿಯುತ್ತದೆ. ದೂರದ ಬಸ್ಸಿನ ಬೋರ್ಡು ಚೆನ್ನಾಗಿ ಓದುತ್ತೇನೆ. ಒಂದು ಸಲ ಕನ್ನಡಕ ಹಾಕಿದರೆ ನಂಬರ್ ಏರುತ್ತಲೇ ಹೋಗುತ್ತದೆ, ಹೊನಗೊನ್ನೆ ಸೊಪ್ಪು ತಿನ್ನು, ಕಣ್ಣಿನ ವ್ಯಾಯಾಮ ಮಾಡು ಅನ್ನುತ್ತಾರೆ. ಏನು ಮಾಡಲಿ?
(ಹೆಸರು ಬೇಡ, ಸಿಂಧಘಟ್ಟ)

ಉತ್ತರ: ತಾಯಿ, ಇದು ಕಾಯಿಲೆಯಲ್ಲ, ಚಾಳೀಸು. ಕಣ್ಣಿನೊಳಗೊಂದು ಮಸೂರವಿದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು, ದೂರ ನೋಡುವಾಗ ಚಪ್ಪಟೆಯಾಗಬೇಕು. ಉಬ್ಬಿಸುವ ಸ್ನಾಯು ಐವತ್ತು ಅರವತ್ತರಲ್ಲೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮಸೂರ ಮಾತ್ರ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ಬಿಸಿ ರಾಗಿಮುದ್ದೆ ಬೆರಳು ಒತ್ತಿದಲ್ಲಿ ತಗ್ಗುತ್ತದೆ, ಆರಿದ ಮುದ್ದೆ ತಗ್ಗುವುದಿಲ್ಲ, ಹಾಗೆ. ಹತ್ತು ವರ್ಷದ ಮಗುವಿನ ಕಣ್ಣಿಗೆ ಹತ್ತಿರಕ್ಕೆ ಹೊಂದಿಕೊಳ್ಳುವ ಶಕ್ತಿ ಹನ್ನೆರಡು ಡಯಾಪ್ಟರಿನ ಆಸುಪಾಸಿನಲ್ಲಿರುತ್ತದೆ. ನಲವತ್ತೈದರ ಹೊತ್ತಿಗೆ ಅದು ಮೂರು-ನಾಲ್ಕಕ್ಕೆ ಇಳಿದು, ಐವತ್ತಕ್ಕೆ ಎರಡರ ಹತ್ತಿರ ಬರುತ್ತದೆ. 30 ಸೆಂ.ಮೀ. ದೂರದಲ್ಲಿ ಹಿಡಿದ ಸೂಜಿಯ ಕಣ್ಣು ಕಾಣಲು ಮೂರಕ್ಕಿಂತ ಹೆಚ್ಚು ಬೇಕು. ಇರುವಷ್ಟನ್ನೂ ಹಿಂಡಿ ಹಿಂಡಿ ಖರ್ಚು ಮಾಡುತ್ತಿದ್ದೀರಿ, ತಲೆ ಸಿಡಿಯುವುದು ಅದಕ್ಕೇ.

ಜಗುಲಿಯ ವಿಷಯ ಸರಿಯಾಗಿಯೇ ಗಮನಿಸಿದ್ದೀರಿ. ಬಿಸಿಲ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಕಿರಿದಾದ ಪಾಪೆಯಿಂದ ಹಾದ ಬೆಳಕು ಕಡಿಮೆ ಚೆದುರುತ್ತದೆ, ಚಿತ್ರ ಒಂದಿಷ್ಟು ತಿಳಿಯಾಗುತ್ತದೆ. ಸಂಜೆ ಪಾಪೆ ಅಗಲವಾದಾಗ ಒಳಗಿನ ಕೊರತೆ ಬಯಲಿಗೆ ಬರುತ್ತದೆ. ಹೊಲಿಯುವ ಜಾಗಕ್ಕೆ ಒಳ್ಳೆಯ ಬಲ್ಬು ಹಾಕಿಸಿಕೊಳ್ಳಿ, ಆದರೆ ಕನ್ನಡಕದ ಬದಲಿಗೆ ಅಲ್ಲ, ಕನ್ನಡಕದ ಜೊತೆಗೆ.

ನಂಬರ್ ಏರುವುದು ನಿಜ, ಏರಿಸುವುದು ಕನ್ನಡಕವಲ್ಲ, ವಯಸ್ಸು. ಕನ್ನಡಕ ಹಾಕದವರ ಮಸೂರವೂ ಅಷ್ಟೇ ಗಟ್ಟಿಯಾಗುತ್ತದೆ, ಅಳೆದು ಹೇಳುವವರಿಲ್ಲ ಅಷ್ಟೇ. ದೂರದೃಷ್ಟಿ ಸರಿಯಿರುವವರಿಗೆ ನಲವತ್ತರ ಆಚೀಚೆ ಪ್ಲಸ್ 1, ಐವತ್ತಕ್ಕೆ 2, ಅರವತ್ತಕ್ಕೆ 2.50, ಅಲ್ಲಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಇನ್ನು ವ್ಯಾಯಾಮ: ಸೋತಿರುವುದು ಸ್ನಾಯು ಅಲ್ಲವಲ್ಲ, ವ್ಯಾಯಾಮ ಯಾರಿಗೆ ಮಾಡಿಸುತ್ತೀರಿ? ಹೊನಗೊನ್ನೆ ಸೊಪ್ಪಿನ ಬಸ್ಸಾರು ಖಂಡಿತ ಮಾಡಿ ಉಣ್ಣಿ. ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡಿಗೆ ಸೊಪ್ಪು, ಕ್ಯಾರೆಟ್, ಪಪ್ಪಾಯಿ ತಡೆ ಹಾಕುತ್ತವೆ. ಚಾಳೀಸಿಗೆ ಅವುಗಳಿಂದ ಏನೂ ಆಗುವುದಿಲ್ಲ.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಕಣ್ಣು ಪರೀಕ್ಷೆಗೆ ಹೋಗುವಾಗ ಸೂಜಿ, ದಾರ, ಅರ್ಧ ಹೊಲಿದ ಬ್ಲೌಸು ಚೀಲದಲ್ಲಿ ಹಾಕಿಕೊಂಡು ಹೋಗಿ. ನಗಬೇಡಿ. ಪರೀಕ್ಷೆಯ ಅಕ್ಷರದ ಕಾರ್ಡನ್ನು ಸಾಮಾನ್ಯವಾಗಿ 40 ಸೆಂ.ಮೀ. ದೂರ ಹಿಡಿಸುತ್ತಾರೆ, ಅದು ಪೇಪರ್ ಓದುವವರ ದೂರ. ಕಾಜಕ್ಕೆ ನೀವು ಬಟ್ಟೆಯನ್ನು ಅದಕ್ಕಿಂತ ಹತ್ತಿರ ಹಿಡಿಯುತ್ತೀರಿ, ಮಷಿನ್ನಿನ ಸೂಜಿ ಅದಕ್ಕಿಂತ ತುಸು ಆಚೆಗಿರುತ್ತದೆ. ಕಂಪ್ಯೂಟರ್ ಮುಂದೆ ಕೂರುವವರಿಗೆ ಇನ್ನೂ ದೂರ, 60 ಸೆಂ.ಮೀ. ಒಂದೇ ವಯಸ್ಸಿನ ಮೂವರಿಗೆ ಮೂರು ನಂಬರ್ ಬೇಕಾಗಬಹುದು. ನೀವು ಏನು ಕೆಲಸ ಮಾಡುತ್ತೀರಿ ಎಂದು ಪರೀಕ್ಷೆ ಮಾಡುವವರು ಕೇಳದಿದ್ದರೆ ನೀವೇ ಹೇಳಿ. ‘ಕನ್ನಡಕ ಹೊಂದಲಿಲ್ಲ’ ಎಂದು ಪೆಟ್ಟಿಗೆಯಲ್ಲಿಟ್ಟವರಲ್ಲಿ ಬಹಳ ಮಂದಿಗೆ ಕೆಟ್ಟಿರುವುದು ನಂಬರ್ ಅಲ್ಲ, ದೂರದ ಲೆಕ್ಕ.

ಪ್ರಶ್ನೆ: ನಾನು ರೈತ, 48 ವರ್ಷ. ಜಾತ್ರೆಯಲ್ಲಿ ನೂರೈವತ್ತು ರೂಪಾಯಿಗೆ ಕನ್ನಡಕ ತಂದೆ. ಮೊಬೈಲು, ಔಷಧಿ ಬಾಟಲಿ ಮೇಲಿನ ಅಕ್ಷರ ಎಲ್ಲ ಕಾಣುತ್ತದೆ. ಇದರಿಂದ ಕಣ್ಣು ಹಾಳಾಗುತ್ತದೆ ಎಂದು ಮಗ ಬೈಯುತ್ತಾನೆ.
(ನಾಗಮಂಗಲ ತಾಲ್ಲೂಕು)

ಉತ್ತರ: ಕಣ್ಣು ಹಾಳಾಗುವುದಿಲ್ಲ. ಎರಡೂ ಕಣ್ಣಿನ ದೂರದೃಷ್ಟಿ ಸಮವಾಗಿದ್ದು, ಸಿಲಿಂಡರ್ ನಂಬರ್ ಇಲ್ಲದವರಿಗೆ ರೆಡಿಮೇಡ್ ಕನ್ನಡಕ ಸಾಕು. ಈ ಮಾತು ಹೇಳಿದರೆ ನಮ್ಮ ವೃತ್ತಿಯ ಕೆಲವರು ಹುಬ್ಬು ಗಂಟಿಕ್ಕುತ್ತಾರೆ, ಆದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ನೋಡಿ: ಜಗತ್ತಿನಲ್ಲಿ ಚಾಳೀಸು ಬಂದವರು ಸುಮಾರು 180 ಕೋಟಿ. ಅವರಲ್ಲಿ 82 ಕೋಟಿಗೂ ಹೆಚ್ಚು ಜನ ತಕ್ಕ ಕನ್ನಡಕವಿಲ್ಲದೆ ಹತ್ತಿರದ ದೃಷ್ಟಿಯ ತೊಂದರೆ ಅನುಭವಿಸುತ್ತಿದ್ದಾರೆ. ಅಸ್ಸಾಮಿನ ಟೀ ತೋಟದಲ್ಲಿ ನಲವತ್ತು ದಾಟಿದ 751 ಕೂಲಿಕಾರರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಓದುವ ಕನ್ನಡಕ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಕನ್ನಡಕ ಪಡೆದವರ ಕೊಯ್ಲಿನ ಏರಿಕೆ ಪಡೆಯದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚು. ಅದು ಓದು ಬರಹದ ಕೆಲಸವಲ್ಲ, ಎಲೆ ಕೀಳುವ ಕೆಲಸ! ರೇಷ್ಮೆಹುಳು ಸಾಕುವವರು, ಅಕ್ಕಿಯಲ್ಲಿ ಕಲ್ಲು ಆರಿಸುವವರು ‘ನಮಗೇನು ಓದುವುದಿದೆ’ ಎಂದು ಕನ್ನಡಕ ಬೇಡವೆಂದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ.

ನೀವು ಹೇಳಿದ ಔಷಧಿ ಬಾಟಲಿ ಬೆಳೆಗೆ ಹೊಡೆಯುವುದೇ ಆಗಿದ್ದರೆ ಕನ್ನಡಕ ಇನ್ನೂ ಅಗತ್ಯ. ಕೆಂಪು, ಹಳದಿ, ನೀಲಿ, ಹಸಿರು ಗುರುತು ಎಲ್ಲರಿಗೂ ಕಾಣುತ್ತದೆ, ಲೀಟರಿಗೆ ಎಷ್ಟು ಎಂ.ಎಲ್. ಎಂಬುದು ಇರುವೆ ಗಾತ್ರದ ಅಕ್ಷರದಲ್ಲಿರುತ್ತದೆ.

ಆದರೆ ಮಗನ ಮಾತಲ್ಲೂ ಒಂದು ಹುರುಳಿದೆ. ಜಾತ್ರೆಯ ಅಂಗಡಿಯವನು ಕನ್ನಡಕ ಕೊಡುತ್ತಾನೆ, ಕಣ್ಣಿನೊಳಗೆ ನೋಡುವುದಿಲ್ಲ. ಗ್ಲಾಕೋಮಾ ಎಂಬ ಕಾಯಿಲೆ ಬಹಳಷ್ಟು ಜನರಲ್ಲಿ ನೋವಿಲ್ಲದೆ, ಉರಿಯಿಲ್ಲದೆ, ನೋಟದ ಅಂಚಿನಿಂದ ಮೆಲ್ಲಗೆ ತಿನ್ನುತ್ತ ಬರುತ್ತದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆಯೂ ಅಕ್ಷಿಪಟಲವನ್ನು ಹೀಗೇ ಸದ್ದಿಲ್ಲದೆ ಕೆಡಿಸುತ್ತದೆ. ಕಣ್ಣಿನ ಡಾಕ್ಟರ ಬಾಗಿಲನ್ನು ಎಂದೂ ತುಳಿಯದವರನ್ನು ಅಲ್ಲಿಗೆ ಕರೆದೊಯ್ಯುವುದು ಚಾಳೀಸೊಂದೇ. ಜಾತ್ರೆಯ ಕನ್ನಡಕ ಆ ಒಂದು ಭೇಟಿಯನ್ನೂ ತಪ್ಪಿಸಿಬಿಡುತ್ತದೆ, ನನ್ನ ತಕರಾರು ಅಷ್ಟೇ. ಕನ್ನಡಕ ಇಟ್ಟುಕೊಳ್ಳಿ, ಕಣ್ಣು ಒಮ್ಮೆ ತೋರಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ನಿಮಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಹತ್ತಿರವೇ. ಮಂಡ್ಯದ ಕಡೆ ಹೋಗುವವರಿಗೆ ಮಿಮ್ಸ್ ಇದೆ. ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಬೈಕ್ ಓಡಿಸಬೇಡಿ, ಬೈದ ಮಗನನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಶಿಕ್ಷಕಿ, 46 ವರ್ಷ. ಚಿಕ್ಕಂದಿನಿಂದ ಮೈನಸ್ 2.50 ಕನ್ನಡಕ. ಈಗ ಮಕ್ಕಳ ನೋಟ್‌ಬುಕ್ ತಿದ್ದುವಾಗ ಕನ್ನಡಕ ತೆಗೆದರೇ ಚೆನ್ನಾಗಿ ಕಾಣುತ್ತದೆ. ಬೈಫೋಕಲ್ ಮಾಡಿಸಿದೆ. ಮೇಲುಕೋಟೆಯಲ್ಲಿ ಯೋಗಾನರಸಿಂಹಸ್ವಾಮಿ ಬೆಟ್ಟ ಇಳಿಯುವಾಗ ಮೆಟ್ಟಿಲು ತೇಲಿದ ಹಾಗಾಗಿ ಹೆದರಿ ಕೂತುಬಿಟ್ಟೆ.
(ಪಾಂಡವಪುರ)

ಉತ್ತರ: ಮೇಡಂ, ಮೈನಸ್ 2.50 ಎಂದರೆ ನಿಮ್ಮ ಬರಿಗಣ್ಣು ತಾನಾಗಿಯೇ 40 ಸೆಂ.ಮೀ.ಗೆ ನೆಟ್ಟಿದೆ ಎಂದರ್ಥ. ಪುಸ್ತಕದ ದೂರವೂ ಅದೇ. ಹಾಗಾಗಿ ತಿದ್ದುವಾಗ ಕನ್ನಡಕ ತೆಗೆದಿಡುವುದರಲ್ಲಿ ಯಾವ ತಪ್ಪೂ ಇಲ್ಲ, ಸ್ಟಾಫ್ ರೂಮಿನಲ್ಲಿ ಯಾರಾದರೂ ನಕ್ಕರೆ ನಗಲಿ. ಬೈಫೋಕಲ್ಲಿನ ಕೆಳಭಾಗ ಕೈಯಲ್ಲಿರುವ ಪುಸ್ತಕಕ್ಕೆಂದು ಮಾಡಿದ್ದು. ಮೆಟ್ಟಿಲು ಕಣ್ಣಿನಿಂದ ನಾಲ್ಕೈದು ಅಡಿ ಕೆಳಗಿರುತ್ತದೆ, ಅದನ್ನು ಆ ಭಾಗದಿಂದ ನೋಡಿದರೆ ಮಸುಕಾಗಲೇಬೇಕು. ಇಳಿಯುವಾಗ ಗದ್ದ ಎದೆಗೆ ತಂದು ಮೇಲಿನ ಭಾಗದಿಂದ ನೋಡಿ, ಇಲ್ಲವೇ ಬೆಟ್ಟಕ್ಕೆ, ಗದ್ದೆ ಬದುವಿಗೆ ಹಳೆಯ ದೂರದ ಕನ್ನಡಕವನ್ನೇ ಹಾಕಿಕೊಳ್ಳಿ. ಕಪ್ಪುಹಲಗೆ, ಮೇಜು, ನೋಟ್‌ಬುಕ್ ಮೂರನ್ನೂ ನೋಡಬೇಕಾದ ನಿಮ್ಮ ಕೆಲಸಕ್ಕೆ ಪ್ರೋಗ್ರೆಸಿವ್ ಒಗ್ಗಬಹುದು. ಬೆಲೆ ಜಾಸ್ತಿ, ಪಕ್ಕದ ನೋಟ ಬಾಗಿದಂತೆ ಕಾಣುತ್ತದೆ, ಅಭ್ಯಾಸಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಮೆಟ್ಟಿಲಿನ ತೊಂದರೆ ಅದರಲ್ಲೂ ಪೂರ್ತಿ ತಪ್ಪುವುದಿಲ್ಲ.

ಪ್ರಶ್ನೆ: ಕನ್ನಡಕವೇ ಬೇಡ, ಕಣ್ಣಿಗೆ ಡ್ರಾಪ್ಸ್ ಬಿಟ್ಟರೆ ಸಾಕು ಎಂದು ಸುದ್ದಿ ಬಂದಿತ್ತು. ಎಲ್ಲಿ ಸಿಗುತ್ತದೆ?
(ಕೆ.ಆರ್. ಪೇಟೆ)

ಉತ್ತರ: ನೀವು ಹೇಳುವುದು ಪೈಲೋಕಾರ್ಪಿನ್ ಎಂಬ ಹಳೆಯ ಔಷಧಿ. ಪಾಪೆಯನ್ನು ಕಿರಿದು ಮಾಡುತ್ತದೆ. ಮೇಲೆ ಹೇಳಿದ ಜಗುಲಿಯ ಬಿಸಿಲು ಮಾಡುವ ಕೆಲಸವನ್ನೇ ಇದು ಕೆಲವು ಗಂಟೆಗಳ ಮಟ್ಟಿಗೆ ಮಾಡುತ್ತದೆ. ಅಮೆರಿಕದಲ್ಲಿ 2021ರಲ್ಲಿ ಚಾಳೀಸಿಗೆಂದು ಅನುಮತಿ ಸಿಕ್ಕಿತು. ನಮ್ಮಲ್ಲಿ 2024ರ ಸೆಪ್ಟೆಂಬರಿನಲ್ಲಿ ಇಂಥದೇ ಡ್ರಾಪ್ಸ್ ಬಗ್ಗೆ ದೊಡ್ಡ ಪ್ರಚಾರ ನಡೆಯಿತು. ಆ ಪ್ರಚಾರ ಅನುಮತಿಯ ಮಿತಿಯನ್ನು ಮೀರಿದೆ ಎಂದು ಔಷಧ ನಿಯಂತ್ರಕರು ಅದೇ ತಿಂಗಳು ಅನುಮತಿಯನ್ನು ಅಮಾನತಿನಲ್ಲಿಟ್ಟರು. ತಲೆನೋವು, ಕತ್ತಲಲ್ಲಿ ಮಬ್ಬು ಇದರ ಅಡ್ಡಪರಿಣಾಮಗಳು. ಅಪರೂಪಕ್ಕೆ ಅಕ್ಷಿಪಟಲ ಕಳಚಿದ್ದೂ ಇದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ಬಿಟ್ಟುಕೊಳ್ಳುವ ಔಷಧಿ ಇದಲ್ಲ.

ಪ್ರಶ್ನೆ: ನಮ್ಮತ್ತೆಗೆ 66. ಇಪ್ಪತ್ತು ವರ್ಷ ಕನ್ನಡಕ ಹಾಕಿ ಪೇಪರ್ ಓದಿದವರು ಈಗ ಆರು ತಿಂಗಳಿಂದ ಬರಿಗಣ್ಣಲ್ಲೇ ಓದುತ್ತಾರೆ! ದೇವರ ದಯೆ ಅನ್ನುತ್ತಾರೆ.
(ಕಿಕ್ಕೇರಿ)

ಉತ್ತರ: ಅಮ್ಮನವರ ಸಂತೋಷ ಕೆಡಿಸಲು ಮನಸ್ಸಿಲ್ಲ, ಆದರೆ ಬೇಗ ಕಣ್ಣು ತೋರಿಸಿ. ಇದು ಬಹುಮಟ್ಟಿಗೆ ಪೊರೆಯ ಮುನ್ಸೂಚನೆ. ಮಸೂರದ ನಡುಭಾಗ ಸಾಂದ್ರವಾಗಿ ಕಣ್ಣು ಮೈನಸ್ ಕಡೆಗೆ ವಾಲುತ್ತದೆ, ಆಗ ಹತ್ತಿರದ್ದು ಕಾಣುತ್ತದೆ, ದೂರ ಕಳೆದುಹೋಗುತ್ತದೆ. ಆಚೆ ಬೀದಿಯಲ್ಲಿ ಬರುವವರ ಮುಖ ಗುರುತು ಸಿಗುತ್ತದೆಯೇ ಕೇಳಿ ನೋಡಿ. ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ, ಅದು ಏರಿಳಿದರೂ ನಂಬರ್ ಹೀಗೆ ಹೊರಳಾಡುತ್ತದೆ. ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹಾಕಿ ಪೊರೆ ತೆಗೆದ ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಸೋಡಾಬುಡ್ಡಿ ಕನ್ನಡಕವೇ ಗತಿಯಾಗಿತ್ತು. ಈಗ ಒಳಗೇ ಮಸೂರ ಕೂರಿಸುತ್ತಾರೆ. ಅದು ಸಾಮಾನ್ಯವಾಗಿ ದೂರಕ್ಕೆ ಹೊಂದಿಸಿದ್ದು, ಹಾಗಾಗಿ ಓದಲು ಕನ್ನಡಕ ಮತ್ತೆ ಬೇಕಾಗುತ್ತದೆ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಿಡಿ, ಆಮೇಲೆ ಆಪರೇಷನ್ ಕೆಟ್ಟಿತು ಎಂದು ಕೊರಗುವುದು ಬೇಡ.

ಪ್ರಶ್ನೆ: 41 ವರ್ಷಕ್ಕೇ ಓದುವ ಕನ್ನಡಕ ಹಾಕಿಕೊಂಡು ಅಂಗಡಿಯ ಗಲ್ಲಾದಲ್ಲಿ ಕೂತರೆ ಅಜ್ಜ ಅನ್ನುತ್ತಾರೆ, ನಾಚಿಕೆಯಾಗುತ್ತದೆ.
(ಶ್ರೀರಂಗಪಟ್ಟಣ)

ಉತ್ತರ: ನಿಮ್ಮ ಪಕ್ಕದ ಬನ್ನೂರಿನಲ್ಲಿ ಹುಟ್ಟಿದ ವ್ಯಾಸತೀರ್ಥರು ವಿಜಯನಗರದಲ್ಲಿ ಕನ್ನಡಕ ಹಾಕಿಕೊಂಡು ಗ್ರಂಥ ಓದುತ್ತಿದ್ದರಂತೆ. ಅವರ ಸಮಕಾಲೀನ ಸೋಮನಾಥ ಕವಿ ಬರೆದ ‘ವ್ಯಾಸಯೋಗಿಚರಿತ’ದಲ್ಲಿ ಅದರ ಪ್ರಸ್ತಾಪವಿದೆ. ಕಾಲ 1520ರ ಸುಮಾರು. ಭಾರತದಲ್ಲಿ ಕನ್ನಡಕದ ಚರಿತ್ರೆ ಹುಡುಕಿದ ಪಿ.ಕೆ. ಗೋಡೆಯವರು ಇದನ್ನು ಬಹಳ ಹಳೆಯ ಉಲ್ಲೇಖಗಳಲ್ಲಿ ಒಂದೆಂದು ಎತ್ತಿ ತೋರಿಸಿದ್ದಾರೆ. ರಾಜಗುರುಗಳಿಗೆ ಇಲ್ಲದ ನಾಚಿಕೆ ಗಲ್ಲಾಪೆಟ್ಟಿಗೆಗೇಕೆ? ಐನೂರರ ನೋಟು ಕೊಟ್ಟು ಚಿಲ್ಲರೆ ಎಣಿಸುವಾಗ ತಪ್ಪಿದರೆ ಅದು ಇನ್ನೂ ದುಬಾರಿ.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ನಂಬರ್ ನೋಡಿಸಬೇಕು?
(ಹೊಸಹೊಳಲು)

ಉತ್ತರ: ಅರವತ್ತರವರೆಗೆ ಎರಡು ವರ್ಷಕ್ಕೊಮ್ಮೆ ಸಾಕು. ಸಕ್ಕರೆ ಕಾಯಿಲೆ ಇದ್ದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು ವರ್ಷಕ್ಕೊಮ್ಮೆ. ಒಂದೇ ಕಣ್ಣು ದಿಢೀರನೆ ಮಸುಕಾದರೆ, ಮಿಂಚು ಹೊಡೆದ ಹಾಗೆ ಕಂಡು ಕಪ್ಪು ಚುಕ್ಕಿ ಉದುರಿದರೆ, ಪರದೆ ಇಳಿದಂತಾದರೆ, ಕಣ್ಣು ಕೆಂಪಾಗಿ ನೋವಿನ ಜೊತೆ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಕಿಟಕಿಯ ಸರಳು ಡೊಂಕಾಗಿ ಕಂಡರೆ ಎರಡು ವರ್ಷದ ಲೆಕ್ಕ ಬಿಡಿ. ಕನ್ನಡಕದ ಅಂಗಡಿಗೂ ಹೋಗಬೇಡಿ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.