ಸಾಮಾಜಿಕ ಜಾಲತಾಣಗಳು: ಉಚಿತ ಬಳಕೆದಾರರು, ಆದಾಯದ ಸಮಸ್ಯೆ

1. ಮೂಲ ಸಮಸ್ಯೆ: ಬಳಕೆದಾರ ಹಣ ಕೊಡುವುದಿಲ್ಲ, ಸರ್ವರ್, ಸಿಬ್ಬಂದಿ ವೆಚ್ಚ ಮಾತ್ರ ಸದಸ್ಯರ ಸಂಖ್ಯೆಯೊಂದಿಗೆ ಏರುತ್ತದೆ. ಶುಲ್ಕ ವಿಧಿಸಿದರೆ ಸದಸ್ಯರು ಬೇರೆ ತಾಣಕ್ಕೆ ಹೋಗುವ ಭಯ.

2. ಮುಖ್ಯ ಆದಾಯ: ಜಾಹೀರಾತು. ಚಂದಾ ಪೂರಕ (ಉದಾ: ಲಿಂಕ್ಡ್‌ಇನ್ ಪ್ರೀಮಿಯಂ).

3. ಮೈಸ್ಪೇಸ್ (ಜಾಹೀರಾತು ಅವಲಂಬನೆಯ ಅಪಾಯಕ್ಕೆ ಅತಿ ಮುಖ್ಯ ಉದಾಹರಣೆ):
• 2005: ಮಾಧ್ಯಮ ಸಂಸ್ಥೆ ನ್ಯೂಸ್ ಕಾರ್ಪ್‌ನಿಂದ ಖರೀದಿ, 58 ಕೋಟಿ ಡಾಲರ್
• 2006: ಗೂಗಲ್ ಜೊತೆ 90 ಕೋಟಿ ಡಾಲರ್ ಜಾಹೀರಾತು ಒಪ್ಪಂದ. ಪುಟಗಳಲ್ಲಿ ಜಾಹೀರಾತು ತುಂಬಿತು, ಸದಸ್ಯರು ಫೇಸ್‌ಬುಕ್‌ಗೆ ಸರಿದರು
• 2011: ಮಾರಾಟ, ಸುಮಾರು 3.5 ಕೋಟಿ ಡಾಲರ್

4. ಗೊಂದಲ ಬೇಡ:
• ಬಳಕೆದಾರ ≠ ಗ್ರಾಹಕ. ಹಣ ಕೊಡುವ ಗ್ರಾಹಕ ಜಾಹೀರಾತುದಾರ.
• ಆದಾಯ ≠ ಲಾಭ. ಉದಾ: ಟ್ವಿಟರ್ ಸ್ಥಾಪನೆ 2006, ಷೇರುಪೇಟೆ ಪ್ರವೇಶ 2013. ಮೊದಲ ತ್ರೈಮಾಸಿಕ ಲಾಭ 2017ರ ಕೊನೆಯಲ್ಲಿ.

5. ವಾಟ್ಸ್‌ಆ್ಯಪ್: 2014ರಲ್ಲಿ ಫೇಸ್‌ಬುಕ್ ತೆಕ್ಕೆಗೆ, ಬಳಕೆದಾರರಿಗೆ ವಿಧಿಸುತ್ತಿದ್ದ 1 ಡಾಲರ್ ವಾರ್ಷಿಕ ಶುಲ್ಕ ರದ್ದಾದದ್ದು 2016ರಲ್ಲಿ.