ಎಲೆಯ ಮೇಲುಳಿಯುವ ಔಷಧ



ಹಿಟ್ಟು ತಿಗಣೆಯಿಂದ ತುಕ್ರಾ ರೋಗ ತಗುಲಿದ ಹಿಪ್ಪುನೇರಳೆಗೆ, ಒಮ್ಮೆ ಹೊಡೆದರೆ ಬಹುಕಾಲ ನಿಲ್ಲುವ ಔಷಧವೊಂದನ್ನು ಅಂಗಡಿಯವನು ಕೊಟ್ಟನೆಂದು ನೀನು ಹರ್ಷದಿಂದ ಬರೆದುದನ್ನೋದಿ ನನಗೆ ಮೊದಲು ಕಳವಳವೂ ಅನಂತರ ಕೋಪವೂ ಬಂದಿತು. ನಿಲ್ಲುವುದು ಎಲ್ಲಿ ಎಂದು ನೀನು ಕೇಳಲಿಲ್ಲವಲ್ಲ!

ನನ್ನ ಬಾಲ್ಯದಲ್ಲಿ ನಡುಮನೆಯಲ್ಲಿಯೇ ರೇಷ್ಮೆ ಹುಳು ಸಾಕುತ್ತಿದ್ದೆವು. 1953ರಲ್ಲಿ ಆರಂಭವಾದ ಮಲೇರಿಯಾ ನಿಯಂತ್ರಣ ಕಾರ್ಯದ ಜನರು ಡಿಡಿಟಿ ಪುಡಿಯನ್ನು ನೀರಿನಲ್ಲಿ ಕಲಸಿ, ಪಂಪು ಹೊತ್ತು ನಮ್ಮ ಬೀದಿಗೂ ಬರುತ್ತಿದ್ದರು. ಊರಿಗೆಲ್ಲ ಉಪಕಾರಿಗಳಾದ ಅವರನ್ನು ನಮ್ಮ ತಾಯಿ ಮಾತ್ರ ಹೊಸ್ತಿಲಲ್ಲಿಯೇ ಕೈಮುಗಿದು ತಡೆಯುತ್ತಿದ್ದಳು. ಮಣ್ಣಿನ ಗೋಡೆಯು ನೀರನ್ನು ಹೀರಿ ಪುಡಿಯನ್ನು ಹೊರಮೈಯಲ್ಲಿ ಬಿಡುತ್ತದೆ. ಕುಳಿತ ಸೊಳ್ಳೆ ಸಾಯಲೆಂದು ಆ ರೂಪವನ್ನೇ ಆರಿಸಿದ್ದರು. ಗೋಡೆಯಿಂದ ನಮ್ಮ ಹುಳುಗಳಿಗೆ ಬರಬಹುದಾಗಿದ್ದ ಅಪಾಯವನ್ನು ತಾಯಿ ತಡೆದಳು, ಗಾಳಿಯದನ್ನು ತಡೆಯುವವರಾರು? 1997ರವರೆಗೂ ನಿಷೇಧವಿಲ್ಲದಿದ್ದ ಬಿ.ಎಚ್.ಸಿ. ಎಂಬ ಕೀಟನಾಶಕದ ಧೂಳನ್ನು ಪಕ್ಕದ ಹೊಲದವರು ಅವರೆಗೆ ಎರಚಿದ್ದು ಒಂದು ವರ್ಷ ನಮ್ಮ ತೋಟಕ್ಕೂ ಬಂದಿತು. ಪೊರೆ ಕಳಚುವ ನಾಲ್ಕನೆಯ ಜ್ವರವೆದ್ದು ಸೊರಸೊರನೆ ಮೇಯುತ್ತಿದ್ದ ಹುಳುಗಳು ಸಂಜೆಯೊಳಗೆ ತಲೆಯೆತ್ತಿ ಅತ್ತಿತ್ತ ಆಡಿಸಿ, ಹಸಿರು ರಸ ಕಾರಿ, ಮೈ ಕುಗ್ಗಿ ತಟ್ಟೆಗಳಲ್ಲಿಯೇ ಒರಗಿದವು. ತಂದೆ ಮಾತಾಡದೆ ಅವನ್ನು ತಿಪ್ಪೆಗೆ ಸುರಿದರು. ಅಕ್ಕನ ಮದುವೆ ಮುಂದಿನ ವರ್ಷಕ್ಕೆ ಹೋಯಿತು.

ಔಷಧದ ಹೆಸರೊಂದೇ ಆದರೂ, ರೂಪ ಬೇರೆಯಾದರೆ ಎಲೆಯೊಡನೆ ಅದರ ಋಣಾನುಬಂಧವೂ ಬೇರೆ. ಮೆಲಾಥಿಯಾನನ್ನೇ ತೆಗೆದುಕೊ: ಶೇಕಡಾ 5ರ ಧೂಳಾದರೆ ಬಹಳಷ್ಟು ಗಾಳಿಯ ಪಾಲು, 25ರ, ನೀರಿನಲ್ಲಿ ಕಲಸುವ ಪುಡಿಯಾದರೆ ಎಲೆಯ ಮೇಲೊಣಗಿ ಕುಳಿತು ಜೋರುಮಳೆಗೆ ತೊಳೆದುಹೋಗುವುದುಂಟು, 50ರ ಇ.ಸಿ. ಎಣ್ಣೆಯಾದರೆ, ಕೆಲಮಟ್ಟಿಗೆ ಆವಿಯಾದರೂ, ಉಳಿದುದು ದ್ರಾವಕದೊಡನೆ ಎಲೆಯ ಮೇಣದ ಪದರಕ್ಕಿಳಿದು ಮಳೆಗೆ ಸುಲಭವಾಗಿ ಸಿಕ್ಕದು. ನಿನ್ನ ಅಂಗಡಿಯವನು ಹೊಗಳಿದ ಸೂಕ್ಷ್ಮಕೋಶಗಳ ಔಷಧವಂತೂ, ವಿಷವನ್ನು ಪೊರೆಯೊಳಗಿರಿಸಿ, ಬಿಸಿಲಿಗೆ ಬೇಗ ಕೆಡದಂತೆ ಕಾಪಾಡಿ, ಸ್ವಲ್ಪಸ್ವಲ್ಪವಾಗಿ ಹೊರಬಿಡುವ ಉಪಾಯ.

ಇವುಗಳಲ್ಲಿ ಯಾವುದನ್ನೂ ನಾನು ನಿಂದಿಸುವವನಲ್ಲ. ಹತ್ತಿಯವನಿಗೆ ದೀರ್ಘಕಾಲ ನಿಲ್ಲುವುದೇ ಗುಣವಾದೀತು. ಆದರೆ ಎಲೆಯನ್ನೇ ಉಣ್ಣುವ, ತಾನೂ ಕೀಟವೇ ಆದ ಪ್ರಾಣಿಯನ್ನು ನಂಬಿ ಬದುಕುವವನಿಗೆ? ಹಿಟ್ಟು ತಿಗಣೆಯ ಮೇಣವನ್ನು ಭೇದಿಸುವ ಎಣ್ಣೆ ಎಲೆಯ ಮೇಣವನ್ನು ಬಿಟ್ಟೀತೆ? ಇಷ್ಟನ್ನು ವಿಚಾರಿಸದಿದ್ದರೆ ಕಾಲೇಜಿನ ಓದು ಏತಕ್ಕೆ?

ಗದರಿದೆನೆಂದು ಬೇಸರಿಸಬೇಡಪ್ಪ, ಕೂಲಿಯಾಳು ಸಿಕ್ಕದ ನಿನ್ನ ಕಷ್ಟವನ್ನು ಬಲ್ಲೆ. ಮುರುಟಿದ ಕುಡಿಗಳನ್ನು ಚಿವುಟಿ ಚೀಲದಲ್ಲಿ ಕೂಡಿಸಿ ಸುಡು. ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುಗಳನ್ನು ತಂದು ಬಿಡು, ಬಿಟ್ಟ ಮೇಲೆ ಆ ತೋಟಕ್ಕೆ ಔಷಧ ಬೇಡ. ಹೊಡೆಯದೆ ಗತಿಯಿಲ್ಲವೆಂದಾದರೆ, ರೇಷ್ಮೆ ಇಲಾಖೆಯವರು ಹಿಪ್ಪುನೇರಳೆಗೆಂದೇ ಹೇಳಿದ, ಬೇಗ ಬಿಟ್ಟುಹೋಗುವಂಥದನ್ನು ಹೊಡೆದು, ಅವರು ಹೇಳಿದಷ್ಟು ದಿನ ಕಾದು, ಆ ಸೊಪ್ಪನ್ನು ಮೊದಲು ಹತ್ತಿಪ್ಪತ್ತು ಹುಳುಗಳಿಗೆ ಹಾಕಿ ಒಂದು ಹಗಲಿರುಳು ನೋಡು. ಅವು ಚೆನ್ನಾಗಿ ಮೇದು ಹಿಕ್ಕೆಯಿಕ್ಕಿದರೆ ಮಿಕ್ಕವಕ್ಕೆ ಹಾಕು; ಇಲ್ಲದಿದ್ದರೆ ಸೊಪ್ಪು ಹೋದರೆ ಹೋಗಲಿ, ಬೆಳೆಯನ್ನು ಉಳಿಸಿಕೊ. ಹುಳು ಗೂಡು ಕಟ್ಟಲು ಚಂದ್ರಿಕೆಗೇರಿದ ಮೇಲೆ ಕಾಗದ ಬರೆ.

ಇತಿ,
ನಿನ್ನ ದೊಡ್ಡಪ್ಪ