ತೋಟದ ಕೊಕ್ಕೊ, ಒಲೆಯ ಕೇಕು



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ತಿರುಗುವಾಗ ಅಲ್ಲೊಂದು ಇಲ್ಲೊಂದು ಕಡೆ ಕೊಕ್ಕೊ ಗಿಡಗಳು ಕಣ್ಣಿಗೆ ಬೀಳುತ್ತವೆ. ನೂರಾರು ಗಿಡ ಬೆಳೆಸಿ ಬೀಜ ಮಾರುವವರ ಮಾತು ಬೇರೆ. ಹತ್ತೋ ಹದಿನೈದೋ ಗಿಡಗಳಿರುವ ಮನೆಗಳಲ್ಲಿ ಮಾತ್ರ ಈ ಬೆಳೆಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಹಣ್ಣಾದ ಕಾಯಿಯಲ್ಲಿ ಮಂಗನ ಪಾಲು, ಅಳಿಲಿನ ಪಾಲು ಹೋಗಿ ಉಳಿದದ್ದು ಗಿಡದಲ್ಲೇ ಕಪ್ಪಾಗಿ ಒಣಗುತ್ತದೆ. ಕೇಳಿದರೆ, “ಎರಡು ಕಿಲೋ ಬೀಜ ಹೊತ್ತು ಪೇಟೆಗೆ ಹೋದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ ಮಾರಾಯ್ರೇ” ಎನ್ನುತ್ತಾರೆ. ಮಾತು ಸುಳ್ಳಲ್ಲ.

ಆದರೆ ಅದೇ ಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಪೇಟೆಯ ಬೇಕರಿಯಿಂದ ಚಾಕೊಲೇಟ್ ಕೇಕು ಬರುತ್ತದೆ. ನಮ್ಮ ರಸ್ತೆಗಳ ತಿರುವಿನಲ್ಲಿ ಕುಲುಕಿ, ಮನೆ ಮುಟ್ಟುವಾಗ ಅರ್ಧ ಕೇಕು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿರುತ್ತದೆ. ತೋಟದಲ್ಲಿ ಕೊಳೆಯುತ್ತಿರುವುದೂ ಪೆಟ್ಟಿಗೆಯಲ್ಲಿ ಬಂದದ್ದೂ ಒಂದೇ ಗಿಡದ ಬೀಜವೆಂಬುದು ಆ ಮನೆಯವರಿಗೆ ಹೊಳೆದೇ ಇರುವುದಿಲ್ಲ. ಈ ಸಲದ ಪಾಠ ಅದರ ಮೇಲೆ. ಗಂಡಸರು ಬೀಜದ ಭಾಗವನ್ನಾದರೂ ಓದಿಕೊಳ್ಳಲಿ, ಒಲೆಯ ಭಾಗವನ್ನು ಮನೆಯವರೆಲ್ಲ ಕೂಡಿ ಓದಲಿ.

ಕೊಕ್ಕೊ ನಮ್ಮ ನೆಲದ ಗಿಡವಲ್ಲ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ನೆರಳಿನಲ್ಲಿ ಬೆಳೆಯುವ ಗಿಡವಾದುದರಿಂದ ಅಡಿಕೆಯ ಕೆಳಗೆ ಇದಕ್ಕೆ ಸುಖ. ನಾಲ್ಕು ಅಡಿಕೆ ಮರಗಳ ನಡುವೆ ಒಂದರಂತೆ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ನೆಡುವುದು ವಾಡಿಕೆ. ದಕ್ಷಿಣ ಕನ್ನಡದಲ್ಲಿ ಇದನ್ನು ಬಹಳ ಮಂದಿ ಹಚ್ಚಿದರು. 1980ರ ಹೊತ್ತಿಗೆ ಧಾರಣೆ ಬಿದ್ದು ಕೊಳ್ಳುವವರಿಲ್ಲದಂತಾದಾಗ ಗಿಡ ಕಡಿದವರೂ ಉಂಟು. ಆಗ ಬೀಜ ಕೊಳ್ಳಲು ಮುಂದೆ ಬಂದದ್ದು ಬೆಳೆಗಾರರದೇ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಿಕೆಗಾಗಿ ಹುಟ್ಟಿದ ಈ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. 2024ರಲ್ಲಿ ಆಫ್ರಿಕದ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿ ಬೆಳೆ ಕೆಟ್ಟು ಜಗತ್ತಿನ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು, 2025ರಲ್ಲಿ ಮತ್ತೆ ಇಳಿಯಿತು. ಎಲೆಚುಕ್ಕಿ ರೋಗದಿಂದ ಅಡಿಕೆ ಸೊರಗಿರುವ ನಮ್ಮ ಕಡೆ ತೋಟದಲ್ಲಿರುವ ಯಾವ ಗಿಡವನ್ನೂ ತಾತ್ಸಾರ ಮಾಡುವ ಕಾಲ ಇದಲ್ಲ. ಆದರೂ ಹತ್ತು ಗಿಡದ ಕೊಕ್ಕೊದಿಂದ ಸಾಲ ತೀರುತ್ತದೆಂದು ನಾನು ಹೇಳಲಾರೆ. ಮನೆಗೆ ಬೇಕಾದ ಚಾಕೊಲೇಟು ಬರುತ್ತದೆ, ಅಷ್ಟು ನಿಜ.

ಮೊದಲು ನಾನು ಕೆಟ್ಟ ಕಥೆ ಹೇಳಬೇಕು. ಕೃಷಿ ಡಿಪ್ಲೊಮಾ ಓದಿದವನೆಂಬ ಹಮ್ಮಿನಿಂದ ಎರಡು ವರ್ಷದ ಹಿಂದೆ ಒಂದು ಹಳ್ಳಿಯ ಮಹಿಳಾ ಸಂಘದ ಸಭೆಯಲ್ಲಿ ಕೇಕು ಮಾಡಿ ತೋರಿಸಲು ಹೋದೆ. ಕಾಯಿ ಒಡೆದು, ಬೀಜ ತೊಳೆದು, ನಾಲ್ಕು ದಿನ ಬಿಸಿಲಿಗೆ ಹಾಕಿ, ಹುರಿದು ಪುಡಿ ಮಾಡಿಕೊಂಡು ಹೋಗಿದ್ದೆ. ಕೇಕು ಚೆನ್ನಾಗಿಯೇ ಉಬ್ಬಿತು. ಬಾಯಿಗಿಟ್ಟರೆ ಕಹಿ, ಒಗರು. ಹಸಿ ಅಡಿಕೆ ಜಗಿದ ಹಾಗೆ ನಾಲಗೆ ಎಳೆಯಿತು. ಮಕ್ಕಳು ಉಗುಳಿದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, “ತಮ್ಮಾ, ಉದ್ದಿನ ಹಿಟ್ಟನ್ನೂ ರಾತ್ರಿ ಹುಳಿ ಬರಿಸಿಯೇ ದೋಸೆ ಹೊಯ್ಯುತ್ತೇವೆ. ಇದನ್ನು ಹುಳಿ ಬರಿಸಿದೆಯಾ?” ಎಂದು ಕೇಳಿದರು. ಓದಿದ ಪಾಠವನ್ನು ನಾನು ಮರೆತಿದ್ದೆ, ಒಲೆಯ ಮುಂದೆ ಬಾಳಿದ ಅಜ್ಜಿ ಮರೆತಿರಲಿಲ್ಲ.

ಹುಳಿ ಬರಿಸದ ಕೊಕ್ಕೊ ಬೀಜದಲ್ಲಿ ಚಾಕೊಲೇಟಿನ ಪರಿಮಳವೇ ಇರುವುದಿಲ್ಲ. ಬೀಜದ ಸುತ್ತಲಿನ ಬಿಳಿ ಲೋಳೆಯಲ್ಲಿ ಸಕ್ಕರೆ ಇದೆ. ಗಾಳಿಯಲ್ಲಿರುವ ಯೀಸ್ಟ್ ಅದನ್ನು ಮೊದಲು ಮದ್ಯಸಾರವಾಗಿ ಮಾಡುತ್ತದೆ, ಆಮೇಲೆ ಬೇರೆ ಸೂಕ್ಷ್ಮಜೀವಿಗಳು ಅದನ್ನೇ ಹುಳಿಯಾಗಿ ಮಾಡುತ್ತವೆ. ಈ ಕೆಲಸದಲ್ಲಿ ರಾಶಿ ಕೈ ಸುಡುವಷ್ಟು ಬಿಸಿಯಾಗುತ್ತದೆ. ಆ ಬಿಸಿಗೂ ಹುಳಿಗೂ ಬೀಜದ ಮೊಳಕೆ ಸಾಯುತ್ತದೆ, ಒಗರು ಇಳಿಯುತ್ತದೆ, ನೇರಳೆ ಬಣ್ಣದ ತಿರುಳು ಕಂದಾಗುತ್ತದೆ. ಮುಂದೆ ಹುರಿಯುವಾಗ ಪರಿಮಳ ಏಳುವುದಕ್ಕೆ ಬೇಕಾದ ಅಂಶಗಳು ಹುಟ್ಟುವುದೂ ಆಗಲೇ.

ಇದಕ್ಕೆ ಇಪ್ಪತ್ತೈದು ಕಾಯಿಯಾದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ರಾಶಿ ಬಿಸಿ ಹಿಡಿಯುವುದಿಲ್ಲ. ನಿಮ್ಮಲ್ಲಿ ಅಷ್ಟಿಲ್ಲದಿದ್ದರೆ ನೆರೆಮನೆಯವರದನ್ನೂ ಕೂಡಿಸಿಕೊಳ್ಳಿ. ಹಳದಿಗೆ ತಿರುಗಿದ ಕಾಯಿಯನ್ನು ಮಾತ್ರ ಕೊಯ್ಯಬೇಕು. ಕೈಯಿಂದ ತಿರುಚಿ ಕೀಳಬಾರದು, ಕತ್ತಿಯಿಂದ ತೊಟ್ಟು ಕೊಯ್ಯಬೇಕು. ಕೊಕ್ಕೊ ಹೂವು ಕಾಂಡದ ಮೇಲೆ ಅದೇ ಗಂಟಿನಲ್ಲಿ ಮತ್ತೆ ಮತ್ತೆ ಬಿಡುವುದರಿಂದ, ಗಂಟು ಕಿತ್ತರೆ ಮುಂದಿನ ಫಸಲನ್ನೇ ಕಿತ್ತ ಹಾಗೆ. ಕೊಯ್ದ ಕಾಯನ್ನು ಎರಡು ಮೂರು ದಿನ ನೆರಳಿನಲ್ಲಿಟ್ಟು, ಆಮೇಲೆ ಮರದ ಕೊರಡಿನಿಂದ ಬಡಿದು ಒಡೆಯಿರಿ. ಕತ್ತಿ ಹಾಕಿದರೆ ಬೀಜಕ್ಕೆ ಗಾಯವಾಗಿ ಬೂಸ್ಟು ಹಿಡಿಯುತ್ತದೆ. ಒಂದು ಕಾಯಲ್ಲಿ ಮೂವತ್ತರಿಂದ ನಲವತ್ತೈದು ಬೀಜ ಸಿಗಬಹುದು. ಲೋಳೆಯನ್ನು ತೊಳೆಯಕೂಡದು, ನಾನು ಕೆಟ್ಟದ್ದು ಅಲ್ಲೇ. ಮಕ್ಕಳು ಲೋಳೆ ಚೀಪುತ್ತೇವೆಂದರೆ ಒಂದೆರಡು ಕಾಯಿ ಬೇರೆ ಕೊಟ್ಟುಬಿಡಿ, ಅದರ ರುಚಿ ಸೀತಾಫಲವನ್ನು ನೆನಪಿಗೆ ತರುತ್ತದೆ.

ಒಂದು ಸಣ್ಣ ಬಿದಿರಿನ ಬುಟ್ಟಿಗೆ ಬಾಳೆ ಎಲೆ ಹಾಸಿ, ರಸ ಇಳಿಯಲು ಎಲೆಯನ್ನು ಅಲ್ಲಲ್ಲಿ ಸೀಳಿ, ಬೀಜವನ್ನು ಒತ್ತಿ ತುಂಬಿ ಮೇಲೂ ಬಾಳೆ ಎಲೆ ಮುಚ್ಚಬೇಕು. ಬುಟ್ಟಿಯನ್ನು ಎರಡು ಇಟ್ಟಿಗೆಯ ಮೇಲೆ ಇಡಿ. ಮೊದಲ ದಿನ ರಸ ಸೋರಿ ಹೋಗಲಿ. ಮರುದಿನ ಗೋಣಿ ಚೀಲದಿಂದ ಬೆಚ್ಚಗೆ ಸುತ್ತಿ. ಮೂರನೆಯ ದಿನ ಒಮ್ಮೆ, ಐದನೆಯ ದಿನ ಒಮ್ಮೆ ಬೀಜವನ್ನು ಅಡಿಮೇಲು ಮಾಡಿ ಮತ್ತೆ ಮುಚ್ಚಬೇಕು. ಆರು ದಿನ ತುಂಬಿದಾಗ ಒಂದು ಬೀಜ ಕೊಯ್ದು ನೋಡಿ. ತಿರುಳು ಕಂದು ಬಣ್ಣವಾಗಿ ಬಿರುಕು ಬಿಟ್ಟಿದ್ದರೆ ಹದ ಬಂತು. ಬರೀ ನೇರಳೆಯಾಗಿದ್ದರೆ ಇನ್ನೊಂದು ದಿನ ಇಡಿ. ಏಳು ದಿನ ಮೀರಿ ಬಿಟ್ಟರೆ ಕೊಳೆತ ವಾಸನೆ ಬರುತ್ತದೆ.

ಇನ್ನು ಒಣಗಿಸುವುದು. ಅಡಿಕೆ ಒಣಗಿಸುವ ಚಪ್ಪರದಲ್ಲೇ ಚಾಪೆ ಹಾಸಿ ತೆಳ್ಳಗೆ ಹರವಿ, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿದರೆ ಒಳ್ಳೆಯ ಬಿಸಿಲಿನಲ್ಲಿ ಏಳೆಂಟು ದಿನಕ್ಕೆ ಒಣಗುತ್ತದೆ. ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಚಟಚಟ ಸದ್ದಾಗಬೇಕು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಬೇಡಿ. ಅಡಿಕೆಗೆ ಹೊಗೆ ನಡೆಯಬಹುದು, ಕೊಕ್ಕೊ ಮಾತ್ರ ಹೊಗೆಯನ್ನು ಹೀರಿಕೊಂಡು ಕೇಕಿನಲ್ಲಿ ಅಟ್ಟದ ವಾಸನೆಯನ್ನೇ ಕೊಡುತ್ತದೆ. ಅಡಿಕೆಗೆಂದು ಪ್ಲಾಸ್ಟಿಕ್ ಹೊದಿಕೆಯ ಒಣಗುಮನೆ ಮಾಡಿಕೊಂಡವರಿಗೆ ಈ ತೊಂದರೆ ಇಲ್ಲ. ಒಳಗೆ ಬೂಸ್ಟು ಬಂದ ಬೀಜವನ್ನು ತಿನ್ನುವುದಕ್ಕೆ ಬಳಸಲೇಬಾರದು, ಹುರಿದರೂ ಅದರ ವಿಷ ಹೋಗುವುದಿಲ್ಲ. ಇಪ್ಪತ್ತೈದು ಕಾಯಿಗೆ ಸುಮಾರು ಎರಡೂವರೆ ಕಿಲೋ ಹಸಿಬೀಜ, ಒಣಗಿದ ಮೇಲೆ ಮುಕ್ಕಾಲು ಕಿಲೋಗಿಂತ ತುಸು ಹೆಚ್ಚು ಸಿಗುತ್ತದೆಂದು ಇಟ್ಟುಕೊಳ್ಳಿ. ಒಂದು ಕೇಕಿಗೆ ಬೇಕಾದದ್ದು ನೂರು ಗ್ರಾಂ ಒಣಬೀಜ. ವರ್ಷದ ಹುಟ್ಟುಹಬ್ಬಗಳೆಲ್ಲ ಕಳೆದು ಇನ್ನೂ ಮಿಗುತ್ತದೆ.

ಕೇಕು ಮಾಡುವ ಹಿಂದಿನ ದಿನ ನೂರು ಗ್ರಾಂ ಬೀಜವನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಇಪ್ಪತ್ತು ನಿಮಿಷಕ್ಕೆ ಸಿಪ್ಪೆ ಚಿಟಿಚಿಟಿ ಎಂದು ಬಿರಿದು ಮನೆಯೆಲ್ಲ ಘಮ್ಮೆನ್ನುತ್ತದೆ. ಅವಸರದಿಂದ ಉರಿ ಹೆಚ್ಚಿಸಿದರೆ ಹೊರಗೆ ಕರಿದು, ಒಳಗೆ ಹಸಿ. ಆರಿದ ಮೇಲೆ ಕೈಯಿಂದ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಉಳಿದ ಎಂಬತ್ತು ಗ್ರಾಮಿನಷ್ಟು ತಿರುಳನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಅರೆಯಬೇಕು. ನೀರು ಸೋಕಬಾರದು. ಮೊದಲು ಪುಡಿಯಾಗಿ, ಆಮೇಲೆ ತನ್ನ ಜಿಡ್ಡಿನಲ್ಲೇ ತೊಯ್ದು ಎಳ್ಳು ಅರೆದ ಹಾಗೆ ಗಟ್ಟಿ ಮುದ್ದೆಯಾಗುತ್ತದೆ. ಕೊಕ್ಕೊ ತಿರುಳಿನಲ್ಲಿ ಅರ್ಧದಷ್ಟು ಬೆಣ್ಣೆಯೇ ಇದೆ. ಅಂಗಡಿಯ ಕೋಕೋ ಪುಡಿ ಒಣಗಿರುವುದು ಆ ಬೆಣ್ಣೆಯ ಬಹುಭಾಗವನ್ನು ಹಿಂಡಿ ತೆಗೆದಿರುವುದರಿಂದ. ಗಿಡವಿಲ್ಲದವರು ಮುದ್ದೆಯ ಬದಲು ನಲವತ್ತು ಗ್ರಾಂ ಕೋಕೋ ಪುಡಿ ಹಾಕಿ ಬೆಣ್ಣೆಯನ್ನು ನಲವತ್ತು ಗ್ರಾಂ ಹೆಚ್ಚಿಸಿಕೊಂಡರೆ ಕೆಲಸ ನಡೆಯುತ್ತದೆ.

ಕೇಕಿಗೆ ಬೇಕಾಗುವ ಸಾಮಾನು ಇಷ್ಟು: ಮೈದಾ 200 ಗ್ರಾಂ, ಜೋನಿಬೆಲ್ಲ 250 ಗ್ರಾಂ, ಬೆಣ್ಣೆ 80 ಗ್ರಾಂ, ಕೊಕ್ಕೊ ಮುದ್ದೆ 80 ಗ್ರಾಂ, ತುಸು ಹುಳಿಯಾದ ಮೊಸರು 200 ಮಿಲಿಲೀಟರ್, ಬಿಸಿನೀರು 50 ಮಿಲಿಲೀಟರ್, ಅಡಿಗೆ ಸೋಡ ಮುಕ್ಕಾಲು ಚಹಾ ಚಮಚ, ಉಪ್ಪು ಒಂದು ಚಿಟಿಕೆ. ಮೈದಾ ಬೇಡವೆನ್ನುವವರು ಜರಡಿ ಹಿಡಿದ ಗೋಧಿ ಹಿಟ್ಟು ಹಾಕಿ ಎರಡು ಚಮಚ ಮೊಸರು ಹೆಚ್ಚಿಸಲಿ. ಜೋನಿಬೆಲ್ಲ ನಮ್ಮ ಕಡೆಯ ಭಾಗ್ಯ. ಅದರಲ್ಲಿ ಕೇಕು ಮೂರು ದಿನ ಮೆತ್ತಗಿರುತ್ತದೆ. ಸಕ್ಕರೆಯಾದರೆ 190 ಗ್ರಾಂ ಹಾಕಿ ನೀರನ್ನು ಇಮ್ಮಡಿ ಮಾಡಬೇಕು. ಮೊಟ್ಟೆ ಬೇಕಾಗಿಲ್ಲ. ಮೊಸರಿನ ಹುಳಿಯೂ ಸೋಡವೂ ಕೂಡಿದಾಗ ಏಳುವ ಗಾಳಿಯೇ ಹಿಟ್ಟನ್ನು ಎತ್ತುತ್ತದೆ.

ಹಿಟ್ಟು ಕಲಸುವ ಮೊದಲೇ ಒಲೆ ಸಿದ್ಧವಾಗಿರಬೇಕು, ಇದು ಮುಖ್ಯ. ದೊಡ್ಡ ಕುಕ್ಕರಿನಲ್ಲಿ ಅಥವಾ ದಪ್ಪ ತಳದ ಪಾತ್ರೆಯಲ್ಲಿ ಒಂದು ಅಂಗುಲ ಒಣ ಮರಳು ಹರವಿ, ಮೇಲೊಂದು ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಕುಕ್ಕರಾದರೆ ಮುಚ್ಚಳದ ರಬ್ಬರನ್ನೂ ವಿಷಲನ್ನೂ ತೆಗೆದಿಡತಕ್ಕದ್ದು, ಮರೆತರೆ ಅಪಾಯ. ಏಳು ಅಂಗುಲ ಅಗಲದ, ಮೂರು ಅಂಗುಲ ಎತ್ತರದ ಪಾತ್ರೆಗೆ ಬೆಣ್ಣೆ ಸವರಿ, ತಳಕ್ಕೆ ಬಾಡಿಸಿದ ಬಾಳೆ ಎಲೆ ಹಾಕಿ.

ಬೆಣ್ಣೆಯನ್ನೂ ಕೊಕ್ಕೊ ಮುದ್ದೆಯನ್ನೂ ಒಂದು ಪಾತ್ರೆಯಲ್ಲಿ ಹಾಕಿ, ಅದನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ. ನೇರವಾಗಿ ಬೆಂಕಿಗಿಟ್ಟರೆ ತಳ ಹಿಡಿಯುತ್ತದೆ. ಜೋನಿಬೆಲ್ಲ ಸೇರಿಸಿ ತಿರುವಿ, ಉಗುರು ಬೆಚ್ಚಗಾದಾಗ ಮೊಸರು ಹಾಕಿ. ಹಿಟ್ಟು, ಸೋಡ, ಉಪ್ಪನ್ನು ಎರಡು ಸಲ ಜರಡಿ ಹಿಡಿದು ಇದಕ್ಕೆ ಸುರಿದು, ಕೊನೆಗೆ ಬಿಸಿನೀರು ಬಿಟ್ಟು, ಒಣಹಿಟ್ಟು ಕಾಣದಂತಾಗುವಷ್ಟೇ ಕಲಸಿ. ಹೋಳಿಗೆ ಕಣಕದಂತೆ ನಾದಿದರೆ ಕೇಕು ಚರ್ಮವಾಗುತ್ತದೆ. ಇಡ್ಲಿ ಹಿಟ್ಟಿನ ಹದಕ್ಕೆ ಬಂದ ಕೂಡಲೇ ಪಾತ್ರೆಗೆ ಹೊಯ್ದು ಒಲೆಗಿಡಿ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಕಲಸಿಟ್ಟು ಬಂದ ನೆಂಟರೊಡನೆ ಮಾತಿಗೆ ಕೂತರೆ ಗಾಳಿಯೆಲ್ಲ ಹೋಗಿ ಕೇಕು ಏಳುವುದಿಲ್ಲ.

ಸಣ್ಣ ಉರಿಯಲ್ಲಿ ನಲವತ್ತೈದರಿಂದ ಐವತ್ತೈದು ನಿಮಿಷ ಬೇಕು. ಮೊದಲ ಅರ್ಧ ಗಂಟೆ ಮುಚ್ಚಳ ತೆರೆದು ನೋಡಕೂಡದು, ತಣ್ಣನೆ ಗಾಳಿ ಹೊಕ್ಕರೆ ನಡುವೆ ಕುಸಿಯುತ್ತದೆ. ಕಟ್ಟಿಗೆ ಒಲೆಯವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿದೆ. ಉರಿ ಎಳೆದು ಹಾಕಿ ಬರೀ ಕೆಂಡದ ಮೇಲೆ ಪಾತ್ರೆಯಿಟ್ಟು, ಚಪ್ಪಟೆ ಮುಚ್ಚಳದ ಮೇಲೂ ಒಂದು ಸೌಟು ಕರಟದ ಕೆಂಡ ಹರಡಿದರೆ ಮೇಲೂ ಕೆಳಗೂ ಸಮನಾಗಿ ಬೇಯುತ್ತದೆ. ನನ್ನ ನಾಲಗೆಗೆ ಗ್ಯಾಸಿನ ಕೇಕಿಗಿಂತ ಕೆಂಡದ ಕೇಕೇ ಮೇಲು. ಒಂದು ಹಿಡಿಕಡ್ಡಿಯನ್ನು ತೊಳೆದು ನಡುವೆ ಚುಚ್ಚಿ ತೆಗೆದಾಗ ಹಸಿ ಹಿಟ್ಟು ಅಂಟಬಾರದು. ಇಳಿಸಿ ಅರ್ಧ ಗಂಟೆ ಬಿಟ್ಟು ಕವುಚಿ. ಬಿಸಿಯಿರುವಾಗ ಕೊಯ್ದರೆ ಪುಡಿಯಾಗುತ್ತದೆ.

ಕೇಕಿಗೆ ಸಾಬೂನಿನ ರುಚಿ ಬಂದರೆ ಸೋಡ ಹೆಚ್ಚಾಯಿತೆಂದು ತಿಳಿಯಿರಿ. ನಡುವೆ ಹಸಿ ಉಳಿದು ತಳ ಕರಿದರೆ ಉರಿ ಹೆಚ್ಚಾಯಿತು. ನಾಲಗೆ ಒಗರಾದರೆ ತಪ್ಪು ಒಲೆಯದಲ್ಲ, ಬುಟ್ಟಿಯದು. ಅಂಥ ಬೀಜವನ್ನು ಪೇಟೆಗೆ ಒಯ್ದರೂ ಒಳ್ಳೆಯ ದರ ಸಿಗದು. ಒಣಬೀಜ ಕೊಳ್ಳುವವರು ಬೀಜ ಕೊಯ್ದು ಬಣ್ಣ ನೋಡುತ್ತಾರೆ, ನೀವು ನಾಲಗೆಯಿಂದ ಅದೇ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಂಡಿರಿ.

ಕಳೆದ ಮಾಘದಲ್ಲಿ ಅದೇ ಸಂಘಕ್ಕೆ ಮತ್ತೆ ಹೋಗಿದ್ದೆ. ಈ ಸಲ ಬುಟ್ಟಿ ಕಟ್ಟಿದವರು ಆ ಅಜ್ಜಿಯೇ. ಅಡಿಕೆ ಹಾಳೆಯ ತಟ್ಟೆಯಲ್ಲಿ ಹಂಚಿದ ಕೇಕಿನಲ್ಲಿ ನನ್ನ ಪಾಲಿಗೆ ಬಂದದ್ದು ಅಂಚಿನ ಒಂದು ಚೂರು ಮಾತ್ರ. ಈಗ ಅಲ್ಲಿ ಇಬ್ಬರು ಹೆಂಗಸರು ಮಾರುವುದಕ್ಕೆ ಮಾಡಬಹುದೇ ಎಂದು ಕೇಳುತ್ತಿದ್ದಾರೆ. ಮಾಡಬಹುದು. ಆದರೆ ತಿನ್ನುವ ಪದಾರ್ಥ ಮಾರುವವರು ಮನೆಯಲ್ಲೇ ಮಾಡಿದರೂ 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ಅರ್ಜಿ ತುಂಬಲು ನಾನು ಜೊತೆಗಿರುತ್ತೇನೆ.

ಇನ್ನೆರಡು ಮಾತು ಬಾಕಿ. ಹುರಿದ ಬೀಜದ ಸಿಪ್ಪೆಯನ್ನು ದನದ ಬಾನಿಗೂ ನಾಯಿಯ ತಟ್ಟೆಗೂ ಹಾಕಬೇಡಿ, ಕೇಕಿನ ಚೂರನ್ನೂ ನಾಯಿಗೆ ಕೊಡಬೇಡಿ. ಕೊಕ್ಕೊದಲ್ಲಿರುವ ಥಿಯೊಬ್ರೊಮಿನ್ ಎಂಬ ಅಂಶ ಅವಕ್ಕೆ ವಿಷ. ಸಿಪ್ಪೆಯೂ ಕಾಯಿಯ ಒಡಕಲೂ ಗೊಬ್ಬರದ ಗುಂಡಿಗೆ ಹೋಗಲಿ. ಮಳೆಗಾಲದಲ್ಲಿ ಕಪ್ಪು ಕೊಳೆ ಹಿಡಿದ ಕಾಯಿ ಕಂಡರೆ ಮಾತ್ರ ಅದನ್ನು ಗುಂಡಿಗೂ ಹಾಕದೆ, ತೋಟದಲ್ಲೂ ಬಿಡದೆ ಕೊಯ್ದು ದೂರ ಒಯ್ದು ಹೂಳಿ. ಅಡಿಕೆಯ ಕೊಳೆರೋಗಕ್ಕೂ ಇದಕ್ಕೂ ಕಾರಣವಾದ ರೋಗಾಣುಗಳು ಒಂದೇ ಕುಲದವು. ಅಡಿಕೆಗೆ ಶೇಕಡ 1ರ ಬೋರ್ಡೋ ದ್ರಾವಣ ಹೊಡೆಯುವ ದಿನ ಕೊಕ್ಕೊ ಕಾಯಿಗೂ ಒಂದು ಕೈ ಹೊಡೆದುಬಿಡಿ, ಕೊನೆಗೌಡರು ಮರ ಏರಿ ಇಳಿಯುವಷ್ಟರಲ್ಲಿ ಕೆಳಗಿನ ಆ ಕೆಲಸ ಮುಗಿದಿರುತ್ತದೆ.